ಮುಂಬಾಗಿಲು ಕೆಟ್ಟಿದೆ

ಮಾರ್ಚ್ ೨, ಸೋಮವಾರ

ಇವತ್ತು ಅಂಗಡಿ ತೆರೆಯೋಣವೆಂದು ಹೊರಟೆ. ಜ್ವರ ಎಂದು ಷಟರಿಗೆ ಚೀಟಿ ಅಂಟಿಸಿ ಒಂದು ವಾರದ ಮೇಲಾಯಿತು. ಜ್ವರ ಇರಲಿಲ್ಲ. ಆದರೆ ‘ಹೆಂಡತಿ ಹೋಗಿ ಮೂರು ತಿಂಗಳಾಯಿತು, ಹಾಸಿಗೆಯಿಂದ ಏಳಲು ಮನಸ್ಸಿಲ್ಲ’ ಎಂದು ಬರೆದರೆ ಗಿರಾಕಿಗಳು ಸಮಾಧಾನ ಹೇಳಲು ಮನೆಗೇ ಬಂದುಬಿಡುತ್ತಾರೆ. ಜ್ವರ ಎಂದರೆ ಯಾರೂ ಬರುವುದಿಲ್ಲ. ಅಂಟಿಕೊಂಡೀತು ಎಂಬ ಭಯ. ಸಮಾಧಾನಕ್ಕಿಂತ ಅದೇ ವಾಸಿ.

ಮುಂಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ. ಅಡುಗೆಮನೆಯಿಂದ ದನಿ ಬಂತು.

“ಆ ಬಾಗಿಲು ತೆಗೀಬಾರದು ಅಂತ ಯಾರಾದ್ರೂ ಹೇಳಿದ್ರೆ ಒಳ್ಳೇದಿತ್ತು.”

ನನ್ನ ಅತ್ತೆ. ಹೇಳಿದ್ದು ನನಗಲ್ಲ, ಗೋಡೆಯ ಗಡಿಯಾರಕ್ಕೆ. ಹೆಂಡತಿಯ ತಾಯಿ ಈ ಮನೆಯ ಹಿಂದಿನ ಕೋಣೆಗೆ ಬಂದು ವರ್ಷಗಳಾದವು. ನಾವಿಬ್ಬರು ನೇರವಾಗಿ ಮಾತಾಡಿದ್ದು ಕಡಿಮೆ. ಎಲ್ಲ ಅವಳ ಮೂಲಕವೇ. ‘ನಿನ್ನ ಗಂಡನಿಗೆ ಹೇಳು’, ‘ನಿಮ್ಮಮ್ಮನಿಗೆ ಹೇಳು’. ಮಧ್ಯೆ ನಿಂತು ಹೇಳುವವಳು ಹೋದಳು. ಈಗ ಆ ಕೆಲಸವನ್ನು ಗಡಿಯಾರ ವಹಿಸಿಕೊಂಡಿದೆ. ಪಾಪ, ಸಮಯ ತೋರಿಸುವುದೂ ಅದರದ್ದೇ ಜವಾಬ್ದಾರಿ.

“ಯಾಕೆ ತೆಗೀಬಾರದಂತೆ?” ನಾನೂ ಗಡಿಯಾರವನ್ನೇ ಕೇಳಿದೆ.

“ಮೇಲಿನ ಗಾಜಲ್ಲಿ ಇಣುಕಿದ್ರೆ ಗೊತ್ತಾಗುತ್ತಂತೆ.”

ಸ್ಟೂಲ್ ಹತ್ತಿದೆ. ನಮ್ಮ ಮುಂಬಾಗಿಲು ಹೊರಕ್ಕೆ ತೆರೆಯುತ್ತದೆ. ಬಾಗಿಲು ಹಾಕದೆ ಹೋಗುತ್ತೀರಿ ಎಂದು ಅವಳು ದಿನಾ ಬೈಯುತ್ತಿದ್ದಳೆಂದು, ತಾನೇ ಮುಚ್ಚಿಕೊಳ್ಳುವ ಹಾಗೆ ಹೊರಗಡೆ ಮೇಲ್ಭಾಗದಲ್ಲಿ ನಾನೇ ಒಂದು ಕಬ್ಬಿಣದ ತೋಳು ಹಾಕಿದ್ದೆ. ಅವಳು ಕುಂಡದಲ್ಲಿ ನೆಟ್ಟ ಬಳ್ಳಿ ಚೌಕಟ್ಟಿನ ಮೇಲೆ ಹಬ್ಬಿ ಆ ತೋಳನ್ನು ಮುಚ್ಚಿದೆ. ನಾನು ‘ಜ್ವರ’ದಲ್ಲಿ ಮಲಗಿದ್ದ ವಾರದಲ್ಲಿ ಯಾರೋ ಆ ತೋಳಿನ ಮೇಲೆ ಹುಲ್ಲು, ನಾರು, ನೂಲು ಸೇರಿಸಿ ಬಟ್ಟಲಿನಂಥ ಮನೆ ಕಟ್ಟಿ ಗೃಹಪ್ರವೇಶವನ್ನೂ ಮುಗಿಸಿದ್ದಾರೆ. ತಲೆಗೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಪಿಕಳಾರ. ಬಾಡಿಗೆಯವನು ಮಾಲೀಕನನ್ನು ಮಾತಾಡಿಸಲು ಬಂದಿದ್ದಾನೆ ಎಂಬಂತೆ ನನ್ನನ್ನು ನೋಡಿತು.

ಬಾಗಿಲು ತೆರೆದರೆ ತೋಳು ಬಿಚ್ಚಿಕೊಳ್ಳುತ್ತದೆ, ಗೂಡು ನೆಲಕ್ಕೆ ಬೀಳುತ್ತದೆ. ಊರಿನವರ ಬೀಗಗಳನ್ನೆಲ್ಲ ತೆಗೆಯುವವನು ನಾನು. ನನ್ನ ಮನೆಯ ಬಾಗಿಲಿಗೆ ಒಂದು ಹಿಡಿ ಹುಲ್ಲಿನ ಬೀಗ ಬಿತ್ತು.

ಹಿಂಬಾಗಿಲು ಇರುವುದು ಅತ್ತೆಯ ಕೋಣೆಯಲ್ಲಿ. ನೆಲ ನೋಡುತ್ತಾ ದಾಟಿದೆ. ‘ಅಳಿಯ ಅಲ್ಲ, ಮಗಳ ಗಂಡ’ ಎನ್ನುತ್ತಾರಲ್ಲ. ಮಗಳೇ ಇಲ್ಲದ ಮೇಲೆ ನಾನು ಎರಡೂ ಅಲ್ಲ. ಆ ಕೋಣೆಯಲ್ಲಿ ಕಾಲಿಡಲು ಯಾವ ಅಧಿಕಾರ ಎಂದು ಯೋಚಿಸುವಷ್ಟರಲ್ಲಿ ಹಿತ್ತಿಲು ಬಂದಿತ್ತು.

ಇನ್ನೇನು, ತಿಂಗಳ ಕೊನೆಗೆ ಭಾವಮೈದುನ ಬಂದು ತನ್ನ ತಾಯಿಯನ್ನು ಕರೆದೊಯ್ಯುತ್ತಾನೆ. ಒಳ್ಳೆಯದೇ ಆಯಿತು. ಪಾತ್ರೆಯ ಮುಚ್ಚಳಗಳ ಸದ್ದು, ಕೆಮ್ಮು, ಬೆಳಗಿನ ರೇಡಿಯೊ, ಎಲ್ಲ ಅವನಿಗೆ. ನನಗೆ ಮೂರು ಕೋಣೆ, ಒಂದು ಗಡಿಯಾರ.

ಮಾರ್ಚ್ ೪, ಬುಧವಾರ

ಮುಂಬಾಗಿಲಿಗೆ ಕಾಗದ ಅಂಟಿಸಿದೆ: ‘ಬಾಗಿಲು ಕೆಟ್ಟಿದೆ. ಹಿಂದಿನಿಂದ ಬನ್ನಿ.’ ಹಕ್ಕಿ ಎಂದು ಬರೆದಿದ್ದರೆ ಬೀದಿಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ನೋಡಲು ಬರುತ್ತಿದ್ದರು.

ಸುದ್ದಿ ನನಗಿಂತ ಮೊದಲು ಅಂಗಡಿ ತಲುಪಿತ್ತು. ಪಕ್ಕದ ದರ್ಜಿ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದ.

“ಏನ್ರೀ, ಬೀಗದೋರ ಮನೆ ಬಾಗಿಲೇ ಕೆಟ್ಟಿದೆಯಂತೆ?”

“ಹೂಂ.”

“ರಿಪೇರಿಗೆ ಯಾರನ್ನ ಕರೀತೀರಿ?”

“ನೋಡ್ಬೇಕು.”

“ಒಳ್ಳೆಯವರನ್ನ ಕರೀರಿ. ನಮ್ಮನೇದು ನೀವೇ ಮಾಡಿದ್ದು, ಇವತ್ತಿಗೂ ಒದ್ದೇ ತೆಗೀಬೇಕು.”

ದಿನವಿಡೀ ನಕ್ಕ. ಅವನ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಹೇಳಲಿಲ್ಲ.

ಮಾರ್ಚ್ ೭, ಶನಿವಾರ

ಮೂರು ಮೊಟ್ಟೆ. ಮಾಸಲು ಗುಲಾಬಿ, ಮೇಲೆ ಕಂದು ಚುಕ್ಕೆ. ಒಂದು ಚಿಕ್ಕದು.

ನಾನು ಅಂಗಡಿಯಲ್ಲಿದ್ದಾಗ ಅತ್ತೆ ಸ್ಟೂಲ್ ಹತ್ತುತ್ತಾರೆ. ಸ್ಟೂಲಿನ ಮೇಲೆ ಹಿಟ್ಟಿನ ಕೈಯ ಗುರುತು ಇರುತ್ತದೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಆಸ್ಪತ್ರೆಗೆ ಓಡಾಡುವವರು ಯಾರು? ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತದ್ದು ನನಗೆ ಈ ಜನ್ಮಕ್ಕೆ ಸಾಕಾಗಿದೆ. ಅದಕ್ಕೇ ಅಂಗಡಿಯ ಹಳೇ ಮೆಟ್ಟಿಲೇಣಿ ತಂದು, ಎರಡೂ ಕಡೆ ಪೈಪು ಬಿಗಿದು, ಬಾಗಿಲ ಒಳಗಡೆ ಇಟ್ಟೆ. ನನ್ನ ಅನುಕೂಲಕ್ಕೆ.

“ಇದನ್ನ ಯಾರು ಬೇಕಾದ್ರೂ ಹತ್ತಬಹುದಾ?” ಎಂದು ಗಡಿಯಾರವನ್ನು ವಿಚಾರಿಸಿದರು.

“ಪೈಪು ಹಿಡ್ಕೊಂಡು ಹತ್ತಿದ್ರೆ,” ಎಂದೆ ಗಡಿಯಾರಕ್ಕೆ.

ಮಾರ್ಚ್ ೧೪, ಶನಿವಾರ

ಭಾವಮೈದುನ ಫೋನ್ ಮಾಡಿದ್ದ. ದೊಡ್ಡ ಪೀಠೋಪಕರಣದ ಮಳಿಗೆಯಲ್ಲಿ ಮ್ಯಾನೇಜರ್. ಸೋಫಾ ಮಾರಿ ಮಾರಿ ನಾಲಿಗೆಗೂ ಸ್ಪಂಜು ಬಂದಿದೆ. ತಾಯಿಗೂ ಅದೇ ಧಾಟಿಯಲ್ಲಿ ತನ್ನ ಮನೆ ಮಾರುತ್ತಿದ್ದ. ಅವನ ದನಿ ಫೋನಿನಾಚೆಗೂ ಕೇಳುತ್ತದೆ.

“ಅಮ್ಮ, ನಿಂಗೆ ಅಂತಾನೇ ಒಂದು ರೂಮು. ಕೂತ್ರೆ ಬೆಳಕು, ಮಲಗಿದ್ರೆ ಗಾಳಿ. ಲಿಫ್ಟ್ ಇದೆ. ಹೊಸ ಮಂಚ ಬೇರೆ ತೆಗೆದಿಟ್ಟಿದೀನಿ.”

“ಹೂಂ.”

“ಅಲ್ಲಿದ್ದು ಏನ್ ಮಾಡ್ತೀಯಾ? ಭಾವ ನಿನ್ನ ಜೊತೆ ಒಂದು ಮಾತಾದ್ರೂ ಆಡ್ತಾರಾ?”

“ಅವರಿಗೂ ಕೆಲಸ ಇರುತ್ತಲ್ಲ.”

“ತಿಂಗಳ ಕೊನೇ ಭಾನುವಾರ ಬರ್ತೀನಿ. ಮುಂದಿನ ಬಾಗಿಲು ಕೆಟ್ಟಿದೆಯಂತೆ? ಬಡಗಿಯನ್ನೂ ಕರ್ಕೊಂಡು ಬರ್ತೀನಿ ಬಿಡು.”

“ಬೇಡ ಬೇಡ, ಇವರು ನೋಡ್ಕೋತಾರೆ.”

ಹಕ್ಕಿಯ ವಿಷಯ ಮಗನಿಗೂ ಹೇಳಲಿಲ್ಲ. ಹೇಳಿದರೆ ಹೆಂಡತಿಯನ್ನು ಕರೆತಂದು ಫೋಟೋ ತೆಗೆಯುತ್ತಾನಂತೆ. ಇದನ್ನು ಗಡಿಯಾರಕ್ಕೆ ವಿವರಿಸಿದರು. ನಾನು ಒಳ್ಳೆಯದು ಎಂದೆ.

ತಾಯಿ ಹಕ್ಕಿ ಕದಲದೆ ಕೂತಿದೆ. ಗಂಡು ಬಂದು ತಂತಿಯ ಮೇಲೆ ಕೂತು ದೊಡ್ಡ ದನಿಯಲ್ಲಿ ಏನೇನೋ ಹೇಳಿ ಹೋಗುತ್ತದೆ. ಕೆಲಸ ಅವಳದ್ದು, ಭಾಷಣ ಇವನದ್ದು. ಅವನಷ್ಟೂ ನಾನು ಮಾತಾಡುತ್ತಿರಲಿಲ್ಲ ಎಂದು ನೆನಪಾಯಿತು. ಹೆಂಡತಿ ಅದನ್ನೇ ದೂರುತ್ತಿದ್ದಳು.

ಮಾರ್ಚ್ ೧೬, ಸೋಮವಾರ

ಏನೂ ಇಲ್ಲ. ಹಕ್ಕಿ ಕೂತಿದೆ. ನಾವೂ ಕೂತಿದ್ದೇವೆ.

ಮಾರ್ಚ್ ೨೦, ಶುಕ್ರವಾರ

ಅಂಗಡಿಯಿಂದ ಬಂದಾಗ ಅತ್ತೆ ಹಿಂಬಾಗಿಲಲ್ಲೇ ನಿಂತಿದ್ದರು.

“ಚಪ್ಪಲಿ ಆಮೇಲೆ ಬಿಡಿ. ಮೊದಲು ಹತ್ತಿ ನೋಡಿ.”

ಮೂರೂ ಒಡೆದಿವೆ. ಇಷ್ಟು ಕುರೂಪದ ವಸ್ತುವನ್ನು ನಾನು ಕಂಡಿಲ್ಲ. ರೆಕ್ಕೆಯಿಲ್ಲ, ಕಣ್ಣಿಲ್ಲ, ಬರೀ ಹೊಟ್ಟೆ ಮತ್ತು ಬಾಯಿ. ಬಾಯಿ ಎಂದರೆ ದೇಹಕ್ಕಿಂತ ದೊಡ್ಡದು.

“ಥೇಟ್ ನಿಮ್ಮ ಮಗ,” ಎಂದೆ.

ಬಾಯಿ ತಪ್ಪಿ ಬಂದುಬಿಟ್ಟಿತು. ಏಣಿಯ ಮೇಲೆ ಪೈಪು ಹಿಡಿದುಕೊಂಡು, ಇಳಿಯಲೋ ಬೇಡವೋ ಎಂದು ಕಾದೆ. ಕೆಳಗೆ ವಿಚಿತ್ರ ಸದ್ದು ಕೇಳಿತು. ಕೆಮ್ಮು ಎಂದುಕೊಂಡೆ. ನಗುತ್ತಿದ್ದರು.

“ಅವನು ಹುಟ್ಟಿದಾಗ ಇದಕ್ಕಿಂತ ಕಡೆ. ಅವಳು ಮಾತ್ರ ಮೊದಲ ದಿನದಿಂದ ಚೆನ್ನಾಗಿದ್ಲು.”

ಏಣಿ ಇಳಿದೆ. ಗಡಿಯಾರ ನಿಂತಿದೆ ಎಂದು ಆಗ ಗಮನಿಸಿದೆ. ಯಾವಾಗಿನಿಂದಲೋ. ಸೆಲ್ ಹಾಕಬೇಕು.

ಮಾರ್ಚ್ ೨೪, ಮಂಗಳವಾರ

ಚಿಕ್ಕದು ಹೋಯಿತು. ಬೆಳಿಗ್ಗೆ ಸುತ್ತಿಕೊಂಡು ಮುಂದಿನ ಅಂಗಳಕ್ಕೆ ಹೋದಾಗ ಹೊಸಿಲ ಹೊರಗಿನ ಕಾಲೊರಸಿನ ಮೇಲೆ ಬಿದ್ದಿತ್ತು. ಆಗಲೇ ಇರುವೆಗಳು ಬಂದಿದ್ದವು. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಬರುವವರು ಅವರೇ. ಕೆಲಸ ಮಾಡಿ ಹೋಗುತ್ತಾರೆ, ಸಮಾಧಾನ ಹೇಳುವುದಿಲ್ಲ.

ಅತ್ತೆ ಅದನ್ನು ಎಲೆಯಲ್ಲಿ ಎತ್ತಿ, ಇರುವೆ ಕೊಡವಿ, ಬಳ್ಳಿಯ ಕುಂಡದ ಬುಡದಲ್ಲಿ ಮಣ್ಣು ಮಾಡಿದರು. ಕೈ ತೊಳೆಯುತ್ತಾ ಹೇಳಿದರು.

“ವಯಸ್ಸಾದೋರು ಕೂತೇ ಇರೋದು, ಚಿಕ್ಕೋರು ಎದ್ದು ಹೋಗೋದು. ಇದ್ಯಾವ ನ್ಯಾಯವೋ.”

ನಲ್ಲಿ ನಿಲ್ಲಿಸಲಿಲ್ಲ. ನಾನೇ ನಿಲ್ಲಿಸಿದೆ.

ತಾಯಿ ಹಕ್ಕಿ ಹುಳು ಕಚ್ಚಿಕೊಂಡು ಬಂತು. ಗೂಡಿನ ಅಂಚಿನಲ್ಲಿ ಕೂತು ಒಳಗೆ ನೋಡಿತು. ಸ್ವಲ್ಪ ಹೆಚ್ಚು ಹೊತ್ತೇ ನೋಡಿತು. ಆಮೇಲೆ ಉಳಿದವುಗಳ ಬಾಯಿಗೆ ಹಾಕಿ ಹಾರಿತು.

“ಅದಕ್ಕೆ ಗೊತ್ತಾಗಿಲ್ಲ ಅನ್ಸುತ್ತೆ,” ಎಂದೆ.

“ಗೊತ್ತಾಗಿದೆ. ಇರೋವು ಬಾಯಿ ಬಿಡ್ತಾವಲ್ಲ, ಏನ್ ಮಾಡ್ಬೇಕು ಹೇಳಿ?”

ಅಂಗಡಿಗೆ ತಡವಾಯಿತು. ಚಹಾ ನಾನೇ ಮಾಡಿದೆ, ಇಬ್ಬರಿಗೂ. ಸಕ್ಕರೆ ಪಾಕದಷ್ಟಾಯಿತು. ಅತ್ತೆ ಪೂರ್ತಿ ಕುಡಿದು, ಏನೂ ಅನ್ನದೆ ಲೋಟ ತೊಳೆದಿಟ್ಟರು. ಇಷ್ಟು ವರ್ಷದಲ್ಲಿ ನನ್ನ ಕೈಯ ಒಂದು ವಸ್ತುವಿಗೆ ಹೆಸರಿಡದೆ ಬಿಟ್ಟದ್ದು ಇದೇ ಮೊದಲು.

ಮಾರ್ಚ್ ೨೯, ಭಾನುವಾರ

ಮ್ಯಾನೇಜರ್ ಸಾಹೇಬರು ಹೇಳಿದ ಮಾತಿಗೆ ತಪ್ಪುವವರಲ್ಲ. ವ್ಯಾನು ಬಂತು. ಬಡಗಿಯೂ ಬಂದ.

ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಒಳಗಿದ್ದರು. ‘ಹಿಂದಿನಿಂದ ಬನ್ನಿ’ ಎಂಬ ಕಾಗದ ಊರಿನವರಿಗೆ, ತನಗಲ್ಲ ಎಂದು ಅವನ ಎಣಿಕೆ. ಅಕ್ಕ ಯಾವತ್ತೋ ಕೊಟ್ಟ ಕೀಲಿಕೈ ಅವನ ಬಳಿ ಇತ್ತು. ಒಳಗಿನ ಚಿಲಕ ನಾನು ಹಾಕಿರಲಿಲ್ಲ. ಕೆಟ್ಟ ಬಾಗಿಲನ್ನು ಯಾರು ತೆಗೆಯುತ್ತಾರೆ ಎಂಬ ಧೈರ್ಯ. ಬೀಗ ತಿರುಗಿದ ಸದ್ದು ಹಿತ್ತಿಲಿಗೆ ಕೇಳಿತು. ಆ ಬೀಗಕ್ಕೆ ಎಣ್ಣೆ ಹಾಕಿ ಹಾಕಿ ಅಷ್ಟು ಚೆನ್ನಾಗಿ ಇಟ್ಟವನು ನಾನೇ.

“ಎಲ್ಲಿ ಕೆಟ್ಟಿದೆ? ಬೆಣ್ಣೆ ಹಾಗೆ ಬರ್ತಿದೆಯಲ್ಲ!” ಎನ್ನುತ್ತಾ ಎಳೆದಿದ್ದಾನೆ.

ಓಡಿ ಬರುವಷ್ಟರಲ್ಲಿ ಗೂಡು ಮಗುಚಿತ್ತು. ಒಂದು ಮರಿ ಕಾಲೊರಸಿನ ಮೇಲೆ. ಇನ್ನೊಂದು ಬಳ್ಳಿಗೆ ಉಗುರು ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಎರಡು ದೊಡ್ಡ ಹಕ್ಕಿಗಳು ತಂತಿಯ ಮೇಲಿಂದ ಬೀದಿ ಕಿತ್ತುಹೋಗುವಂತೆ ಕಿರುಚುತ್ತಿದ್ದವು. ಪಕ್ಕದ ಮನೆಯ ಬೆಕ್ಕು ಕಾಂಪೌಂಡ್ ಗೋಡೆಯ ಮೇಲೆ ಬಂದು, ಪಂಕ್ತಿಯಲ್ಲಿ ಎಲೆ ಹಾಕುವುದನ್ನು ಕಾಯುವವರ ಹಾಗೆ ಕೂತಿತ್ತು.

“ಅತ್ತೆ, ಕೈ ಒಡ್ಡಿ!” ಎಂದು ಕೂಗಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ಗೊತ್ತಿರಲಿಲ್ಲ. ಏಣಿ ಹತ್ತಿ ಉಗುರು ಬಿಡಿಸಿ ಅವರ ಬೊಗಸೆಗೆ ಹಾಕಿದೆ. ಕೆಳಗಿನದನ್ನು ಅವರು ಆಗಲೇ ಎತ್ತಿಕೊಂಡಿದ್ದರು.

“ಅಯ್ಯೋ ಭಾವ, ಹಕ್ಕಿ ಇದೆ ಅಂತ ಬರೀಬಾರದಾ?” ಮ್ಯಾನೇಜರ್ ಕೀಲಿಕೈ ಹಿಡಿದು ನಿಂತಿದ್ದ. ಮುಖ ಸುಣ್ಣವಾಗಿತ್ತು.

ಮಾತು ನಿಜ. ಆದ್ದರಿಂದ ಅವನಿಗೆ ಬೆಕ್ಕು ಓಡಿಸುವ ಕೆಲಸ ಕೊಟ್ಟೆ. ಅಡುಗೆಮನೆಯಿಂದ ತರಕಾರಿ ತೊಳೆಯುವ ತೂತಿನ ಬುಟ್ಟಿ ತಂದು, ತೋಳಿಗೆ ತಾಗದ ಹಾಗೆ ಚೌಕಟ್ಟಿಗೆ ತಂತಿಯಿಂದ ಬಿಗಿದೆ. ಬಡಗಿ ಕೇಳದೆಯೇ ಇಕ್ಕಳ ಕೊಟ್ಟ. ಗೂಡನ್ನು ಒಳಗಿಟ್ಟು, ಮರಿಗಳನ್ನಿಟ್ಟು, ಬಳ್ಳಿ ಎಳೆದು ಮುಚ್ಚಿ, ಬಾಗಿಲು ಹಾಕಿ ಒಳಗೆ ಬಂದೆವು.

“ಮನುಷ್ಯರು ಮುಟ್ಟಿದ ಮರೀನ ತಾಯಿ ಸೇರಿಸಲ್ಲವಂತೆ ಅಮ್ಮ,” ಎಂದ ಮ್ಯಾನೇಜರ್, ತಗ್ಗಿದ ದನಿಯಲ್ಲಿ.

“ಯಾರೋ ಹೇಳಿದ್ದು? ನೀನು ಹುಟ್ಟಿದಾಗ ಆಸ್ಪತ್ರೆಯವರೆಲ್ಲ ಎತ್ತಿ ಆಡಿಸಿದ್ರು. ನಾನು ಬಿಟ್ಟು ಬಂದ್ನಾ?”

ಬಡಗಿ ಗೋಡೆಯ ಕಡೆ ತಿರುಗಿಕೊಂಡ.

ಕಾದೆವು. ನಾಲ್ವರು ದೊಡ್ಡವರು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು, ಒಲೆಯ ಮೇಲಿನ ಹಾಲು ಉಕ್ಕಿದರೂ ಯಾರೂ ಏಳದೆ. ಅತ್ತೆಯ ಬೊಗಸೆ ಇನ್ನೂ ಬೊಗಸೆಯಾಗಿಯೇ ಇತ್ತು. ಕೊನೆಗೆ ಏಣಿ ಹತ್ತಿದವನು ನಾನು. ತಾಯಿ ಹಕ್ಕಿ ಬುಟ್ಟಿಯ ಅಂಚಿನಲ್ಲಿತ್ತು. ಹೊಸ ಮನೆಯನ್ನು ಒಮ್ಮೆ ಅನುಮಾನದಿಂದ ನೋಡಿ, ಬಾಯಲ್ಲಿದ್ದ ಹಣ್ಣನ್ನು ಮರಿಯ ಬಾಯಿಗೆ ತುರುಕಿತು.

“ಬಂತು,” ಎಂದೆ. ಇಳಿದು ಬಂದು ಹಾಲಿನ ಒಲೆ ಆರಿಸಿದೆ.

ಚಹಾ ಆಯಿತು. ಮ್ಯಾನೇಜರ್ ಗಡಿಯಾರ ನೋಡಿ, ಅದು ನಿಂತಿದ್ದರಿಂದ ಕೈಗಡಿಯಾರ ನೋಡಿ ಕೇಳಿದ.

“ಅಮ್ಮ, ಬಟ್ಟೆ ತುಂಬಿದ್ಯಾ?”

“ಇಲ್ಲ.”

“ಯಾಕೆ?”

“ಇವು ಹಾರಲಿ. ಆಮೇಲೆ ನೋಡೋಣ.”

“ಹಕ್ಕಿಗೋಸ್ಕರ ನಿಲ್ತೀಯಾ? ಭಾವ, ನೀವಾದ್ರೂ ಹೇಳಿ.”

ತಾಯಿ ಮಗನ ಮಧ್ಯೆ ಮಾತಾಡಲು ನಾನ್ಯಾರು?

“ಸರಿ, ಹಾರಿದ ತಕ್ಷಣ ಫೋನ್ ಮಾಡಿ. ನಾನು ರೂಮು ಖಾಲಿ ಇಟ್ಟಿರ್ತೀನಿ,” ಎಂದು ಎದ್ದ. ಹೋಗುವಾಗ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೋದ. ಕೆಟ್ಟವನಲ್ಲ. ಮಾತು ಹೆಚ್ಚು, ಅಷ್ಟೆ.

ಬಡಗಿ ಮಾತ್ರ ಬಾಗಿಲ ಬಳಿ ನಿಂತ. “ಸಾರ್, ಈಗ ಗೂಡು ಬುಟ್ಟೀಲಿದೆ. ತೋಳಿಗೆ ತಾಗಲ್ಲ. ನೀವು ಆರಾಮಾಗಿ ಇದೇ ಬಾಗಿಲಲ್ಲಿ ಓಡಾಡಬಹುದು.”

“ಬಾಗಿಲು ಕೆಟ್ಟಿದೆ,” ಎಂದೆ.

ಬಾಗಿಲನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಹಿಂದಿನಿಂದಲೇ ಹೋದ.

ಏಪ್ರಿಲ್ ೧, ಬುಧವಾರ

ದರ್ಜಿ ಕೇಳಿದ: “ಬಾಗಿಲು ರಿಪೇರಿ ಆಯ್ತಾ?” ನಿಧಾನ ಎಂದೆ. ಅವನ ಅಂಗಿಗೆ ಗುಂಡಿ ಇಲ್ಲ ಎಂದೂ ಹೇಳಿದೆ. ಇಷ್ಟು ದಿನ ಹೀಗೇ ಓಡಾಡಿದೆನಾ ಎಂದು ಹೌಹಾರಿದ. ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಎರಡು ಸಲ ಹೇಳಿಸಿಕೊಂಡು ಕೇಳಿದರು.

ಏಪ್ರಿಲ್ ೨, ಗುರುವಾರ

ಮೊದಲನೆಯದು ಹಾರಿತು. ಹಾರಿತು ಎನ್ನುವುದು ಮರ್ಯಾದೆಗೆ. ಬುಟ್ಟಿಯಿಂದ ಬಿತ್ತು, ಬೀಳುವಾಗ ರೆಕ್ಕೆ ಇದೆ ಎಂದು ನೆನಪಾಯಿತು, ಎದುರಿನ ಮರದವರೆಗೆ ಹೋಯಿತು.

ಎರಡನೆಯದು ಕದಲಲಿಲ್ಲ. ತಂದೆ ತಾಯಿ ಎದುರಿನ ಕೊಂಬೆಯಲ್ಲಿ ಹುಳು ತೋರಿಸಿ ಕರೆದರೂ ಕೂತೇ ಇತ್ತು. ಸೋಮಾರಿ. ಇದಕ್ಕೆ ಯಾವ ಅವಸರವೂ ಇಲ್ಲ. ಇರಲಿ, ಇದ್ದುಕೊಳ್ಳಲಿ, ಯಾರು ಅಟ್ಟುತ್ತಿದ್ದಾರೆ? ಬೆಕ್ಕು ಬಂದೀತು ಎಂದು ನಾನು ಅಂಗಡಿ ತೆರೆಯಲಿಲ್ಲ. ಜ್ವರ ಎಂದು ಚೀಟಿ ಅಂಟಿಸಲು ಹೋಗಿ, ಬೇರೆ ಬರೆದೆ: ‘ಮನೆಯಲ್ಲಿ ಕೆಲಸವಿದೆ.’

ಏಪ್ರಿಲ್ ೩, ಶುಕ್ರವಾರ

ಬುಟ್ಟಿ ಖಾಲಿ.

ಏಪ್ರಿಲ್ ೫, ಭಾನುವಾರ

ನಿನ್ನೆಯಿಡೀ ಇಬ್ಬರೂ ಆ ವಿಷಯ ಎತ್ತಲಿಲ್ಲ. ಇವತ್ತು ಹಿಂಬಾಗಿಲಿಗೆ ಹೋಗುವಾಗ ನೋಡಿದೆ. ಅತ್ತೆಯ ಪೆಟ್ಟಿಗೆ ಮಂಚದ ಕೆಳಗಿನಿಂದ ಹೊರಗೆ ಬಂದಿದೆ. ಅರ್ಧ ತುಂಬಿದೆ. ಮೇಲೆ ಅವಳ ಹಸಿರು ಸ್ವೆಟರ್ ಮಡಚಿಟ್ಟಿದ್ದಾರೆ. ನೋಡದವನಂತೆ ಹೋಗಿ, ನೋಡದವನಂತೆ ಬಂದೆ. ಈ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಮಧ್ಯಾಹ್ನ ಫೋನ್ ಬಂತು. ಅತ್ತೆ ಹೆಸರು ನೋಡಿ, ಎತ್ತದೆ ನನ್ನ ಕೈಗೆ ಕೊಟ್ಟರು.

“ನೀವೇ ಹೇಳಿಬಿಡಿ. ಹಾರಿದವು ಅಂತ.”

“ನಾನ್ಯಾಕೆ?”

“ನಿಮ್ಮ ಮನೆ. ನಿಮ್ಮ ಬಾಗಿಲು. ನನ್ನ ರೂಮು ಸುತ್ತಿ ಓಡಾಡಿ ನಿಮಗೂ ಸಾಕಾಗಿರುತ್ತೆ.” ಬಟಾಣಿ ಸುಲಿಯುವುದನ್ನು ಮುಂದುವರಿಸಿದರು. ಸಿಪ್ಪೆಯನ್ನು ಪಾತ್ರೆಗೆ ಹಾಕಿ, ಕಾಳನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದರು.

ಎತ್ತಿದೆ.

“ಭಾವ, ಹಾರಿದ್ವಾ?”

“ಇಲ್ಲ.”

ಬಟಾಣಿ ನಿಂತಿತು.

“ಇನ್ನೂ ಇಲ್ವಾ? ಅವತ್ತೇ ರೆಕ್ಕೆ ಬಂದಿತ್ತಲ್ಲ?”

“ಈ ಜಾತಿ ಸ್ವಲ್ಪ ನಿಧಾನ.”

“ಎಷ್ಟು ನಿಧಾನ?”

ಬೀಗದವನು ನಾನು, ಹಕ್ಕಿಯ ಶಾಸ್ತ್ರ ನನಗೇನು ಗೊತ್ತು? ಅತ್ತೆಯ ಮುಖ ನೋಡಿದೆ. ಅವರು ತಲೆ ಎತ್ತದೆ, ತುಟಿಯಲ್ಲೇ ಹೇಳಿದರು: “ಮಳೆಗಾಲ ಕಳೀಲಿ ಅನ್ನಿ.”

“ಮಳೆಗಾಲ ಕಳೀಬೇಕಂತೆ.”

ಸೋಫಾ ಮಾರುವವನು ಇಷ್ಟು ಹೊತ್ತು ಸುಮ್ಮನಿದ್ದದ್ದು ಅಕ್ಕನ ಸಾವಿನ ದಿನ ಬಿಟ್ಟರೆ ಇವತ್ತೇ.

“ಭಾವ, ಹಾರಿ ಆಯ್ತು ಅಲ್ವಾ?”

“ಹೂಂ.”

“ಅಮ್ಮ ಬರಲ್ಲ ಅಂತಾಳಾ?”

“ಅವರು ಹಾಗಂದಿಲ್ಲ. ಪೆಟ್ಟಿಗೆ ತುಂಬ್ತಿದಾರೆ.”

“ಮತ್ತೆ?”

“ನಾನು ಕಳಿಸಲ್ಲ.”

ಹೇಳಿದ ಮೇಲೆ ನನಗೇ ಭಯವಾಯಿತು. ಎಷ್ಟು ಸಣ್ಣ ಮಾತು. ಇಷ್ಟು ಸಣ್ಣ ಮಾತನ್ನು ಅವಳಿಗೂ ಒಂದೆರಡು ಸಲ ಹೇಳಬಹುದಿತ್ತು. ಆಸ್ಪತ್ರೆಗೆ ಹೋಗುವ ದಿನವಾದರೂ.

ಮ್ಯಾನೇಜರ್ ಮೂಗು ಎಳೆದುಕೊಂಡ ಸದ್ದು ಬಂತು. ಆಮೇಲೆ ಮಾರಾಟದ ದನಿ ವಾಪಸಾಯಿತು. “ಹಾಗಾದ್ರೆ ಆ ಮಂಚ ಅಲ್ಲಿಗೇ ಕಳಿಸ್ತೀನಿ. ಅಮ್ಮನ ಹಳೇ ಮಂಚ ಕಿರ್ ಅನ್ನುತ್ತೆ. ಇದು ತೇಗದ್ದು ಭಾವ, ಹಾಸಿಗೆ ಹೇಗಿದೆ ಅಂದ್ರೆ...” ಹೇಗಿದೆ ಎಂದು ಬಹಳ ಹೊತ್ತು ಹೇಳಿದ. ಕೇಳಿದೆ.

ಫೋನ್ ಇಟ್ಟೆ. ಅತ್ತೆ ಪಾತ್ರೆಯಿಂದ ಸಿಪ್ಪೆ ಆರಿಸಿ ತೆಗೆಯುತ್ತಿದ್ದರು. ಕಣ್ಣು ಒರೆಸಿಕೊಳ್ಳಲಿಲ್ಲ, ಕೈ ಒದ್ದೆ ಇತ್ತು.

“ಏನಂದ?”

“ಮಂಚ ಕಳಿಸ್ತಾನಂತೆ. ನಿಮಗೆ.”

“ಇಲ್ಲಿಗಾ?”

“ಇಲ್ಲಿಗೇ.”

ತಮ್ಮ ಕೋಣೆಯ ಕಡೆ ತಿರುಗಿ ನೋಡಿದರು. “ಎಷ್ಟು ಅಗಲವೋ ಏನೋ. ಅವನದ್ದೆಲ್ಲ ದೊಡ್ಡದೇ. ರೂಮಲ್ಲಿ ನೀವು ಓಡಾಡೋಕೆ ಜಾಗ ಬೇಡ್ವಾ?”

ಮುಂಬಾಗಿಲು ಸರಿಯಿದೆ ಎಂದು ಇಬ್ಬರಿಗೂ ಗೊತ್ತು. ಯಾರೂ ಹೇಳಲಿಲ್ಲ. ಟೇಪು ತಂದೆ. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಪೆಟ್ಟಿಗೆ ಅಡ್ಡ ಬಂತು, ಮಂಚದ ಕೆಳಕ್ಕೆ ತಳ್ಳಿದೆ. ಗೋಡೆಗೆ ಒತ್ತಿ ಹಾಕಿದರೆ, ಒಬ್ಬ ಮನುಷ್ಯ ಹೋಗಿ ಬರುವಷ್ಟು ಜಾಗ ಉಳಿಯುತ್ತದೆ.